ಸಭೆಯ ಉಸಿರು ಮತ್ತು ಆರ್ಗನ್ನಿನ ತಿದಿ: ಆರಾಧನಾ ಸಂಗೀತದ ವಾದನಸೂಚನೆಗಳ ಒಂದು ವಿಮರ್ಶೆ

ಆರಾಧನೆಯಲ್ಲಿ ಆರ್ಗನ್ ನುಡಿಸುವವರಿಗಾಗಿ ಬರೆದ ಸೂಚನಾ ಗ್ರಂಥಗಳು ಯುರೋಪಿನ ಸಂಗೀತ ಸಾಹಿತ್ಯದಲ್ಲಿ ಒಂದು ಪ್ರತ್ಯೇಕ ಪ್ರಕಾರವಾಗಿ ಬೆಳೆದು ಬಂದಿವೆ. ಬೆರಳನ್ನು ಎಲ್ಲಿಡಬೇಕು, ಯಾವ ಸ್ಟಾಪನ್ನು ಎಳೆಯಬೇಕು, ಪೀಠಿಕೆಯನ್ನು ಎಷ್ಟು ಉದ್ದ ನುಡಿಸಬೇಕು, ಚರಣ ಚರಣಗಳ ನಡುವೆ ಎಷ್ಟು ಹೊತ್ತು ನಿಲ್ಲಬೇಕು ಎಂಬಂಥ ಪ್ರಾಯೋಗಿಕ ಮಾತುಗಳೇ ಇವುಗಳ ತಿರುಳು. ಸಂಗೀತಶಾಸ್ತ್ರದ ಅಭ್ಯಾಸಿಗಳು ಸಾಮಾನ್ಯವಾಗಿ ಇವನ್ನು ವಾದನತಂತ್ರದ ಕೈಪಿಡಿಗಳೆಂದು ಓದುತ್ತಾರೆ. ಜಾನಪದ ಅಧ್ಯಯನದ ಕಣ್ಣಿಗೆ ಇವು ಬೇರೆಯಾಗಿಯೇ ಕಾಣುತ್ತವೆ. ಸ್ವರಲಿಪಿ ತಿಳಿಯದ, ಕೇಳಿ ಕಲಿತು ಹಾಡುವ ಒಂದು ಜನಸಮೂಹದ ಜೊತೆಗೆ ಲಿಪಿ ಬಲ್ಲ ಒಬ್ಬ ವಾದಕ ಹೇಗೆ ನಡೆದುಕೊಳ್ಳಬೇಕು ಎಂಬುದರ ದಾಖಲೆಗಳಿವು. ಲಿಖಿತ ಪರಂಪರೆಯೂ ಮೌಖಿಕ ಪರಂಪರೆಯೂ ವಾರಕ್ಕೊಮ್ಮೆ ಮುಖಾಮುಖಿಯಾಗುವ ಸ್ಥಳ ಚರ್ಚಿನ ಆರ್ಗನ್ ಪೀಠ. ಈ ಸೂಚನೆಗಳಲ್ಲಿ ಬೆರಳಿಗೆ ಹೇಳಿದವು ಯಾವುವು, ಸಭೆಯ ಉಸಿರಿಗೆ ಹೇಳಿದವು ಯಾವುವು ಎಂದು ಬೇರ್ಪಡಿಸಿ ನೋಡಿದರೆ, ಎರಡನೆಯವೇ ಹೆಚ್ಚು ಬೆಲೆಯುಳ್ಳವು ಎಂಬುದು ತಿಳಿಯುತ್ತದೆ. ಅದರೊಂದಿಗೆ ಸಭೆಯ ಹಾಡಿಕೆಯನ್ನು ತಿದ್ದಬೇಕಾದ ದೋಷವೆಂದು ಕಾಣುವ ದೃಷ್ಟಿಯೂ ಈ ಸಾಹಿತ್ಯದೊಳಗೆ ಗಟ್ಟಿಯಾಗಿ ಕುಳಿತಿರುವುದು ಗೋಚರಿಸುತ್ತದೆ. ಈ ದೃಷ್ಟಿಯು ವಾದ್ಯದೊಂದಿಗೆ ಕನ್ನಡ ನಾಡಿಗೂ ಬಂದಿತು.

ಸಭೆಯ ಹಾಡಿಗೆ ಆರ್ಗನ್ ಒತ್ತಾಸೆಯಾಗುವುದು ಅನಾದಿಯಿಂದ ಬಂದ ಪದ್ಧತಿಯೇನೂ ಅಲ್ಲ. ಲೂಥರನ ಸುಧಾರಣೆಯ ಆರಂಭದ ದಿನಗಳಲ್ಲಿ ಸಭೆಯವರು ಕೊರಾಲ್ ಎಂಬ ಸ್ತುತಿಗೀತೆಗಳನ್ನು ಬಹುಮಟ್ಟಿಗೆ ವಾದ್ಯದ ನೆರವಿಲ್ಲದೆ ಒಂದೇ ಸ್ವರದಲ್ಲಿ ಹಾಡುತ್ತಿದ್ದರು. ಆರ್ಗನ್ ಸಭೆಯೊಂದಿಗೆ ಸರದಿಯಲ್ಲಿ ನುಡಿಯುತ್ತಿತ್ತು: ಒಂದು ಚರಣ ಸಭೆಯದು, ಒಂದು ಚರಣ ವಾದ್ಯದ್ದು. ಹದಿನೇಳನೆಯ ಶತಮಾನದಲ್ಲಿ ಕ್ರಮೇಣ ಎರಡೂ ಒಟ್ಟಿಗೆ ಸಾಗತೊಡಗಿದವು. 1650ರಲ್ಲಿ ಗ್ಯೋರ್ಲಿಟ್ಸ್ ನಗರದಲ್ಲಿ ಪ್ರಕಟವಾದ ಸಾಮ್ಯುಯೆಲ್ ಶೈಟ್‌ನ ಪುಸ್ತಕದಲ್ಲಿ ನೂರು ಗೀತೆಗಳು ಆರ್ಗನ್ನಿಗಾಗಿ ನಾಲ್ಕು ಧ್ವನಿಗಳಲ್ಲಿ ಜೋಡಣೆಗೊಂಡಿವೆ. ಸರದಿಯಲ್ಲಿ ನುಡಿಯುತ್ತಿದ್ದ ವಾದ್ಯ ಜೊತೆಗೂಡಿದ ಮೇಲೆಯೇ ‘ಹೇಗೆ ಜೊತೆಗೂಡಬೇಕು’ ಎಂಬ ಪ್ರಶ್ನೆ ಹುಟ್ಟಿತು. ಸೂಚನಾ ಸಾಹಿತ್ಯಕ್ಕೆ ಕಾರಣವಾದದ್ದು ಈ ಪ್ರಶ್ನೆ.

ಈ ಪ್ರಶ್ನೆಯ ತೀವ್ರತೆಯನ್ನು ತೋರುವ ಪ್ರಸಿದ್ಧ ಪ್ರಸಂಗವೊಂದು ಆರ್ನ್‌ಷ್ಟಾಟ್‌ನ ದಾಖಲೆಗಳಲ್ಲಿದೆ. 1703ರಲ್ಲಿ ಅಲ್ಲಿ ಆರ್ಗನ್ ವಾದಕನಾಗಿ ನೇಮಕಗೊಂಡ ಯೋಹಾನ್ ಸೆಬಾಸ್ಟಿಯನ್ ಬಾಖ್ ನಾಲ್ಕು ವಾರಗಳ ರಜೆ ಪಡೆದು ಲ್ಯೂಬೆಕ್‌ಗೆ ಹೋದವನು ತಿಂಗಳುಗಟ್ಟಲೆ ಅಲ್ಲಿಯೇ ಉಳಿದು ಮರಳಿದನು. 1706ರ ಫೆಬ್ರವರಿಯಲ್ಲಿ ಚರ್ಚಿನ ಆಡಳಿತಮಂಡಲಿ ಅವನನ್ನು ವಿಚಾರಣೆಗೆ ಕರೆಯಿತು. ಆಪಾದನೆ ರಜೆಯದಷ್ಟೇ ಆಗಿರಲಿಲ್ಲ. ಕೊರಾಲ್‌ಗಳನ್ನು ನುಡಿಸುವಾಗ ವಿಚಿತ್ರವಾದ ಅಲಂಕಾರಗಳನ್ನೂ ಅನ್ಯಸ್ವರಗಳನ್ನೂ ಬೆರೆಸಿ ಸಭೆಯನ್ನು ಗಲಿಬಿಲಿಗೊಳಿಸಿದನೆಂಬುದು ಮಂಡಲಿಯ ಮುಖ್ಯ ದೂರು. ಪೀಠಿಕೆಗಳು ಮೊದಲು ತೀರ ಉದ್ದವಾಗಿದ್ದವು, ಹಿರಿಯರು ಎಚ್ಚರಿಸಿದ ಮೇಲೆ ತೀರ ಮೊಟಕಾದವು ಎಂಬ ಮಾತೂ ಅಲ್ಲಿ ಬಂದಿತು. ಬಾಖ್‌ನ ಜೀವನಚರಿತ್ರೆಗಳಲ್ಲಿ ಈ ಪ್ರಸಂಗವು ಪ್ರತಿಭೆಯನ್ನು ಅರಿಯದ ಅಧಿಕಾರಿಗಳ ಕಥೆಯಾಗಿ ಬರುವುದೇ ಹೆಚ್ಚು. ಆದರೆ ಮಂಡಲಿಯ ದೂರನ್ನು ಹಾಡುವವರ ಕಡೆಯಿಂದ ಓದಬೇಕು. ಆ ಕಾಲದ್ದೆಂದು ಸಾಮಾನ್ಯವಾಗಿ ತಿಳಿಯಲಾಗುವ ಬಾಖ್‌ನ ಕೆಲವು ಕೊರಾಲ್ ಜೋಡಣೆಗಳಲ್ಲಿ ಸಾಲು ಸಾಲಿನ ನಡುವೆ ಮಿಂಚಿನಂಥ ಸ್ವರಧಾರೆಗಳಿವೆ. ಒಂಟಿಯಾಗಿ ಕೇಳಿದಾಗ ಮೈನವಿರೇಳಿಸುವ ಈ ಧಾರೆಗಳು, ಸಾಲು ಮುಗಿಸಿ ಉಸಿರೆಳೆದುಕೊಂಡು ಮುಂದಿನ ಸಾಲಿನ ಮೊದಲ ಸ್ವರಕ್ಕಾಗಿ ಕಾಯುತ್ತಿರುವ ಹಳ್ಳಿಯವನಿಗೆ ಏನನ್ನು ತಿಳಿಸುತ್ತವೆ? ಯಾವ ಕ್ಷಣದಲ್ಲಿ ಬಾಯಿ ತೆರೆಯಬೇಕೆಂಬುದೇ ಅವನಿಗೆ ತಿಳಿಯದು. ಈ ಒಂದು ವಿಷಯದಲ್ಲಿ ನ್ಯಾಯವು ಮಂಡಲಿಯ ಪಕ್ಷದಲ್ಲಿತ್ತೆಂದೇ ಹೇಳಬೇಕಾಗುತ್ತದೆ.

1787ರಲ್ಲಿ ಹಾಲೆ ನಗರದ ಡಾನಿಯೆಲ್ ಗೊಟ್ಲೋಬ್ ಟ್ಯೂರ್ಕ್ ಆರ್ಗನ್ ವಾದಕನ ಪ್ರಮುಖ ಕರ್ತವ್ಯಗಳನ್ನು ಕುರಿತು ಪುಸ್ತಕವೊಂದನ್ನು ಪ್ರಕಟಿಸಿದನು. ಅವನು ಆರ್ಗನ್ ವಾದಕನ ಕರ್ತವ್ಯಗಳಲ್ಲಿ ಕೊರಾಲನ್ನು ಚೆನ್ನಾಗಿ ನುಡಿಸುವುದನ್ನು ಎಲ್ಲಕ್ಕೂ ಮೊದಲು ಇಟ್ಟಿದ್ದಾನೆ; ಪೀಠಿಕೆ ನುಡಿಸುವುದು, ಸಂಗೀತಮೇಳಕ್ಕೆ ಜೊತೆ ನೀಡುವುದು, ವಾದ್ಯದ ರಚನೆಯನ್ನು ಅರಿತಿರುವುದು ಇವೆಲ್ಲ ಆಮೇಲಿನವು. ಈ ಕ್ರಮವೇ ಗ್ರಂಥದ ದೊಡ್ಡ ಗುಣ. ಒಬ್ಬನೇ ಕುಳಿತು ನುಡಿಸುವ ಘನವಾದ ಕೃತಿಗಳಿಗಿಂತ ಜನ ಹಾಡುವ ಸರಳ ಧಾಟಿಯೇ ವಾದಕನ ಅರ್ಹತೆಯ ಒರೆಗಲ್ಲು ಎಂಬುದು ಇಲ್ಲಿ ಸ್ಪಷ್ಟವಾಗಿ ಬಂದಿದೆ. ಇಂದಿನ ಎಷ್ಟೋ ಕೈಪಿಡಿಗಳಲ್ಲಿ ಸ್ತುತಿಗೀತೆಯ ಅಧ್ಯಾಯ ಕೊನೆಯ ಕೆಲವು ಪುಟಗಳಿಗೆ ಸರಿದಿರುವುದನ್ನು ನೋಡಿದಾಗ ಟ್ಯೂರ್ಕ್‌ನ ವಿವೇಕ ಇನ್ನಷ್ಟು ಎದ್ದು ತೋರುತ್ತದೆ.

ಸೂಚನೆಗಳ ಒಳಗನ್ನು ಅರಿಯಲು ವಾದ್ಯದ ಸ್ವಭಾವವನ್ನು ಮೊದಲು ಗ್ರಹಿಸಬೇಕು. ವೀಣೆಯ ತಂತಿಯನ್ನು ಮೀಟಿದ ಗಳಿಗೆಯಿಂದಲೇ ನಾದ ಕುಗ್ಗತೊಡಗುತ್ತದೆ. ಪಿಯಾನೋದ ನಡೆಯೂ ಅಂಥದೇ. ಆರ್ಗನ್ನಿನಲ್ಲಿ ಕೀಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತೂ ಗಾಳಿ ಕೊಳವೆಯಲ್ಲಿ ಹರಿದು ಸ್ವರ ಒಂದೇ ಬಲದಲ್ಲಿ ನಿಂತಿರುತ್ತದೆ. ಬೆರಳನ್ನು ಜೋರಾಗಿ ಒತ್ತಿದರೂ ಮೆಲ್ಲನೆ ಒತ್ತಿದರೂ ಧ್ವನಿಯ ಪ್ರಮಾಣದಲ್ಲಿ ವ್ಯತ್ಯಾಸವಿಲ್ಲ. ಆದ್ದರಿಂದ ಈ ವಾದ್ಯದಲ್ಲಿ ಒತ್ತು, ತಾಳದ ಪೆಟ್ಟು, ಪದದ ಅಂಚು ಇವೆಲ್ಲವೂ ಬೆರಳನ್ನು ಯಾವಾಗ ಎತ್ತುತ್ತೇವೆ ಎಂಬುದರಿಂದ ಹುಟ್ಟಬೇಕು. ಸ್ವರಕ್ಕೂ ಸ್ವರಕ್ಕೂ ನಡುವಿನ ಮೌನವೇ ಆರ್ಗನ್ ವಾದಕನ ಕೈಯಲ್ಲಿರುವ ಲಯಸಾಧನ. ಒಂದೇ ಸ್ವರ ಮತ್ತೆ ಮತ್ತೆ ಬರುವ ಧಾಟಿಯಲ್ಲಿ ಬೆರಳನ್ನು ಸಾಕಷ್ಟು ಬೇಗ ಎತ್ತದಿದ್ದರೆ ನಾಲ್ಕು ಸ್ವರಗಳು ಒಂದೇ ಉದ್ದನೆಯ ಸ್ವರವಾಗಿ ಕೇಳಿಸಿ, ಹಾಡುವವರಿಗೆ ಅಕ್ಷರಗಳ ಲೆಕ್ಕ ತಪ್ಪುತ್ತದೆ. ಮೇಲಿನ ಧ್ವನಿಯಲ್ಲಿ, ಅಂದರೆ ಜನ ಹಾಡುವ ಧಾಟಿಯಲ್ಲಿ, ಮರುಕಳಿಸುವ ಸ್ವರವನ್ನು ಬಿಡಿಸಿ ನುಡಿಸಬೇಕು, ನಡುವಿನ ಧ್ವನಿಗಳಲ್ಲಿ ಬೇಕಾದರೆ ಹಿಡಿದಿಡಬಹುದು ಎಂಬ ಹಳೆಯ ನಿಯಮದ ಹಿಂದಿನ ತರ್ಕ ಇದೇ. ಧಾಟಿ ಬಿಡಿಯಾಗಿ ಕೇಳುತ್ತದೆ, ಒಳಧ್ವನಿಗಳು ಅದಕ್ಕೆ ನೆಲಗಟ್ಟಾಗುತ್ತವೆ. ಕೈಪಿಡಿಗಳು ಬೆರಳ ಬದಲಾವಣೆ, ಪೆಡಲಿನ ಮೇಲೆ ಹಿಮ್ಮಡಿ ಮತ್ತು ಮುಂಗಾಲಿನ ಚಲನೆ ಮುಂತಾದ ಅಭ್ಯಾಸಗಳಿಗೆ ಪುಟಗಟ್ಟಲೆ ಮೀಸಲಿಡುತ್ತವೆ. ಅವು ಅಗತ್ಯವೇ ಹೌದು, ಆದರೆ ಅವೆಲ್ಲ ಈ ಮೌನವನ್ನು ಸರಿಯಾದ ಜಾಗದಲ್ಲಿಡುವುದಕ್ಕಾಗಿ ಎಂಬ ಮಾತನ್ನು ಹೇಳುವ ಕೈಪಿಡಿ ವಿರಳ.

ಸಾಲಿನ ಕೊನೆಯಲ್ಲಿ ಎರಡೂ ಕೈಗಳನ್ನು ಎತ್ತಿ ವಾದ್ಯವೂ ಉಸಿರಾಡುವಂತೆ ಮಾಡಬೇಕೆಂಬುದು ಈ ಪರಂಪರೆಯ ಅತ್ಯುತ್ತಮ ಸೂಚನೆ. ವಾದಕನೂ ಸಭೆಯೊಂದಿಗೆ ಹಾಡಬೇಕು, ಬಾಯಿಬಿಟ್ಟು ಹಾಡಲಾಗದಿದ್ದರೆ ಮನಸ್ಸಿನಲ್ಲಾದರೂ ಪದಗಳನ್ನು ಉಚ್ಚರಿಸಬೇಕು ಎಂಬುದು ಅದರ ಬೆನ್ನಿಗೇ ಬರುವ ಮಾತು. ತಿದಿಯಲ್ಲಿ ಗಾಳಿ ಮುಗಿಯದ ಯಂತ್ರಕ್ಕೆ ಪುಪ್ಪುಸದಲ್ಲಿ ಗಾಳಿ ಮುಗಿಯುವ ಮನುಷ್ಯನ ಮಿತಿಯನ್ನು ಕಲಿಸುವ ಉಪಾಯವಿದು. ಹಾಗೆಯೇ ಪೀಠಿಕೆಯು ಹಾಡಿನ ನಿಜವಾದ ವೇಗದಲ್ಲಿಯೇ ಇರಬೇಕು, ಕೊನೆಯಲ್ಲಿ ಸುಮ್ಮನೆ ಎಳೆದು ನಿಧಾನಗೊಳಿಸಬಾರದು, ಚರಣಗಳ ನಡುವಿನ ಬಿಡುವು ಪ್ರತಿಸಲವೂ ಒಂದೇ ಅಳತೆಯದಾಗಿರಬೇಕು ಎಂಬ ಸೂಚನೆಗಳೂ ಮುಖ್ಯವಾದವು. ಎರಡನೆಯ ಚರಣ ಎಲ್ಲಿ ಎತ್ತಿಕೊಳ್ಳಬೇಕೆಂಬುದನ್ನು ಸಭೆ ಪುಸ್ತಕ ನೋಡಿ ತಿಳಿಯುವುದಿಲ್ಲ, ಮೊದಲ ಬಿಡುವಿನ ಅಳತೆಯನ್ನು ಮೈಯಲ್ಲಿ ಉಳಿಸಿಕೊಂಡು ತಿಳಿಯುತ್ತದೆ. ಸ್ಟಾಪುಗಳ ಆಯ್ಕೆಯ ಬಗ್ಗೆ ಇಲ್ಲಿ ಹೆಚ್ಚು ವಿಸ್ತರಿಸಬೇಕಾಗಿಲ್ಲ. ಎಂಟಡಿಯ ಕೊಳವೆಗಳ ಸ್ವರ ಮನುಷ್ಯಕಂಠದ ಶ್ರುತಿಗೆ ಸಮ, ನಾಲ್ಕಡಿಯವು ಒಂದು ಸಪ್ತಕ ಮೇಲೆ, ಹದಿನಾರಡಿಯವು ಒಂದು ಸಪ್ತಕ ಕೆಳಗೆ. ಹಿಂಜರಿಯುವ ಸಭೆಯನ್ನು ಮುನ್ನಡೆಸಲು ಬರಿಯ ಗಟ್ಟಿ ಧ್ವನಿಗಿಂತ ಮೇಲಿನ ಸಪ್ತಕದ ನಿಚ್ಚಳತೆ ಹೆಚ್ಚು ಉಪಯುಕ್ತ. ಕಂಪನದ ಸ್ಟಾಪು ಶ್ರುತಿಯ ಅಂಚನ್ನು ಮಸುಕಾಗಿಸುವುದರಿಂದ ಸಭಾಗಾಯನಕ್ಕೆ ಹೊಂದದು. ಇಷ್ಟು ತಿಳಿದರೆ ಸಾಕು.

ನಿಧಾನದ ಸಮಸ್ಯೆ ಮಾತ್ರ ಹೆಚ್ಚಿನ ಗಮನವನ್ನು ಬೇಡುತ್ತದೆ. ದೊಡ್ಡ ಕಲ್ಲಿನ ಚರ್ಚುಗಳಲ್ಲಿ ಆರ್ಗನ್ ಸಾಮಾನ್ಯವಾಗಿ ಹಿಂಬದಿಯ ಮಾಳಿಗೆಯ ಮೇಲಿರುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಮುಂದಿನ ಸಾಲಿನಲ್ಲಿ 34 ಮೀಟರ್ ದೂರ ಕುಳಿತವನಿಗೆ ಸ್ವರ ತಲುಪಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಅವನ ಧ್ವನಿ ವಾದಕನಿಗೆ ಮರಳಿ ತಲುಪಲು ಮತ್ತಷ್ಟೇ ಹೊತ್ತು. ಹೀಗಾಗಿ ಸಭೆ ತಾಳಕ್ಕೆ ಸರಿಯಾಗಿ ಹಾಡುತ್ತಿದ್ದರೂ ಅದು ಹಿಂದೆ ಬೀಳುತ್ತಿದೆಯೆಂದೇ ವಾದಕನ ಕಿವಿಗೆ ತೋರುತ್ತದೆ. ಅವನು ಸಭೆಗಾಗಿ ತಡೆದರೆ, ಅವನನ್ನೇ ಅನುಸರಿಸುತ್ತಿರುವ ಸಭೆ ಇನ್ನಷ್ಟು ತಡೆಯುತ್ತದೆ. ಒಂದೆರಡು ಚರಣಗಳಾಗುವಷ್ಟರಲ್ಲಿ ಹಾಡು ತೆವಳತೊಡಗುತ್ತದೆ. ಕಿವಿಗೆ ಕೇಳಿದ್ದನ್ನು ನಂಬದೆ ಲಯವನ್ನು ಹಿಡಿದು ಸಾಗಬೇಕು ಎಂಬ ಅನುಭವಿಗಳ ಮಾತು ಇಲ್ಲಿಂದ ಬಂದದ್ದು. ತಾಂತ್ರಿಕವಾಗಿ ಈ ಸೂಚನೆಗೆ ಆಕ್ಷೇಪವಿಲ್ಲ.

ಆಕ್ಷೇಪವಿರುವುದು ಎಲ್ಲ ನಿಧಾನವೂ ಹೀಗೆ ಹುಟ್ಟಿದ್ದು ಎಂದು ಭಾವಿಸುವುದಕ್ಕೆ. ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಹಾಗೂ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತ್ಯದ ಹಲವು ಸಭೆಗಳಲ್ಲಿ ಆರ್ಗನ್ ಇರಲಿಲ್ಲ. ಓದುಬಾರದವರು ಬಹಳವಾಗಿದ್ದುದರಿಂದ ಒಬ್ಬನು ಸಾಲನ್ನು ಹೇಳಿಕೊಟ್ಟು ಸಭೆ ಅದನ್ನು ಹಾಡುವ ಪದ್ಧತಿಯನ್ನು 1645ರ ವೆಸ್ಟ್‌ಮಿನ್‌ಸ್ಟರ್ ಆರಾಧನಾ ನಿರ್ದೇಶಿಕೆಯೇ ಒಪ್ಪಿತ್ತು. ಈ ಸಭೆಗಳಲ್ಲಿ ಧಾಟಿಗಳು ಅತಿ ವಿಲಂಬಗೊಂಡವು. ಒಂದೊಂದು ಸ್ವರದ ಸುತ್ತಲೂ ಹಾಡುವವರು ತಮಗೆ ತೋಚಿದ ತಿರುವುಗಳನ್ನು ಸೇರಿಸಿದರು. ಎಲ್ಲರೂ ಒಂದೇ ಧಾಟಿಯನ್ನು ಹಾಡುತ್ತಿದ್ದರೂ ಯಾರೂ ಒಂದೇ ರೀತಿ ಹಾಡುತ್ತಿರಲಿಲ್ಲ. 1720ರ ದಶಕದ ನ್ಯೂ ಇಂಗ್ಲೆಂಡಿನ ಸುಧಾರಕರು ಇದನ್ನು ಅವ್ಯವಸ್ಥೆಯೆಂದು ಜರೆದು ಸ್ವರಲಿಪಿಯ ಪ್ರಕಾರ ಹಾಡುವುದನ್ನು ಕಲಿಸಲು ಹೊರಟರು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಗೇಲಿಕ್ ಕೀರ್ತನೆಗಳಲ್ಲಿ ಈ ಬಗೆಯ ಹಾಡಿಕೆ ಇಂದಿಗೂ ಜೀವಂತವಾಗಿದೆ. ಅದನ್ನು ಕೇಳಿದ ಯಾವ ಜಾನಪದ ಅಭ್ಯಾಸಿಯೂ ಅದನ್ನು ಅಪಭ್ರಂಶವೆನ್ನಲಾರನು. ತನ್ನದೇ ಆದ ಅಲಂಕಾರ ವ್ಯವಸ್ಥೆ, ತನ್ನದೇ ಆದ ಕಾಲಪ್ರಮಾಣ ಇರುವ ಪರಿಪೂರ್ಣ ಮೌಖಿಕ ಶೈಲಿಯದು. ಆರ್ಗನ್ ಬಂದ ಕಡೆಯಲ್ಲೆಲ್ಲ ಈ ಶೈಲಿ ಉಳಿಯಲಿಲ್ಲ. ವಾದ್ಯವು ಶ್ರುತಿಯನ್ನೂ ಲಯವನ್ನೂ ಸ್ಥಿರಗೊಳಿಸಿತು, ಅದರ ಬೆಲೆಯಾಗಿ ತಿರುವುಗಳನ್ನು ಅಳಿಸಿತು.

ಹಳ್ಳಿಯ ವಾದಕರ ಕಥೆಯೂ ಇದಕ್ಕೆ ಸೇರಿದ್ದೇ. ಇಂಗ್ಲೆಂಡಿನ ಹಳ್ಳಿಯ ಚರ್ಚುಗಳಲ್ಲಿ ಪಿಟೀಲು, ಕ್ಲಾರಿನೆಟ್, ಸೆಲ್ಲೋ ನುಡಿಸುವ ರೈತರೂ ಕುಶಲಕರ್ಮಿಗಳೂ ಮಾಳಿಗೆಯ ಮೇಲೆ ಕುಳಿತು ಸಭೆಗೆ ಜೊತೆ ನೀಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಆರ್ಗನ್ ಮತ್ತು ಹಾರ್ಮೋನಿಯಂಗಳು ಅವರ ಜಾಗವನ್ನು ಆಕ್ರಮಿಸಿದವು. ಥಾಮಸ್ ಹಾರ್ಡಿಯ ‘ಅಂಡರ್ ದಿ ಗ್ರೀನ್‌ವುಡ್ ಟ್ರೀ’ (1872) ಕಾದಂಬರಿಯಲ್ಲಿ ಇಂಥ ಮೇಳವೊಂದರ ಕೊನೆಯ ದಿನಗಳ ಚಿತ್ರವಿದೆ. ಹೊಸ ಆರ್ಗನ್ನಿನ ಮುಂದೆ ಶಾಲೆಯ ಉಪಾಧ್ಯಾಯಿನಿ ಕುಳಿತಾಗ ಹಳೆಯ ಮೇಳದವರು ಮಾಳಿಗೆಯಿಂದಿಳಿದು ತಂತಮ್ಮ ಹೆಂಡಂದಿರ ಪಕ್ಕದಲ್ಲಿ ಚೆದುರಿ ಕುಳಿತಿರುತ್ತಾರೆ. ವಾದನಸೂಚನೆಗಳ ಯಾವ ಗ್ರಂಥವೂ ಈ ದೃಶ್ಯವನ್ನು ತನ್ನ ಚರಿತ್ರೆಯ ಭಾಗವೆಂದು ಎಣಿಸುವುದಿಲ್ಲ. ಎಣಿಸಬೇಕಾಗಿತ್ತು.

ಕಥೋಲಿಕ ಪರಂಪರೆಯ ನಿಲುವು ಈ ವಿಷಯದಲ್ಲಿ ಹೆಚ್ಚು ಎಚ್ಚರದ್ದು. 1903ರ ನವೆಂಬರ್‌ನಲ್ಲಿ ಹತ್ತನೆಯ ಪಯಸ್ ಪೋಪ್ ಹೊರಡಿಸಿದ ಆಜ್ಞಾಪತ್ರದಲ್ಲಿ ಗಾಯನವೇ ಪ್ರಧಾನ, ಆರ್ಗನ್ ಅದನ್ನು ಎತ್ತಿಹಿಡಿಯಬೇಕೇ ಹೊರತು ಅದುಮಬಾರದು, ಉದ್ದನೆಯ ಪೀಠಿಕೆಗಳು ಸಲ್ಲವು ಎಂಬ ವಿಧಿಗಳಿವೆ. 1963ರ ಎರಡನೆಯ ವ್ಯಾಟಿಕನ್ ಸಭೆಯ ಆರಾಧನಾ ಸಂವಿಧಾನವು ಪೈಪ್ ಆರ್ಗನ್ನಿಗೆ ಗೌರವದ ಸ್ಥಾನವನ್ನು ಉಳಿಸಿಕೊಂಡು, ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಭಾರತದ ಚರ್ಚುಗಳಲ್ಲಿ ತಬಲಾ, ತಾಳಗಳು ಹೆಚ್ಚಾಗಿ ಬಳಕೆಗೆ ಬಂದದ್ದು ಇದರ ತರುವಾಯ.

ಕನ್ನಡ ನಾಡಿನ ಮಟ್ಟಿಗೆ ಈ ಚರ್ಚೆಯ ಕೇಂದ್ರದಲ್ಲಿರುವುದು ರೀಡುಗಳ ವಾದ್ಯ. ಪೈಪ್ ಆರ್ಗನ್ ದುಬಾರಿ, ಭಾರಿ, ಉಷ್ಣ ಮತ್ತು ತೇವಕ್ಕೆ ಸುಲಭವಾಗಿ ಕೆಡುವಂಥದು. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬ್ಯಾನ್ 1840ರ ದಶಕದ ಆರಂಭದಲ್ಲಿ ರೂಪಿಸಿದ ಹಾರ್ಮೋನಿಯಂನಲ್ಲಿ ಕೊಳವೆಗಳ ಬದಲು ಲೋಹದ ರೀಡುಗಳಿವೆ, ಕಾಲಿನಿಂದ ತುಳಿಯುವ ತಿದಿಯಿದೆ. ಕಾಲಿನ ಒತ್ತಡ ನೇರವಾಗಿ ರೀಡಿಗೆ ತಲುಪುವಂತೆ ಮಾಡುವ ಸ್ಟಾಪನ್ನು ಎಳೆದರೆ, ಪೈಪ್ ಆರ್ಗನ್ನಿಗಿಲ್ಲದ ಏರಿಳಿತದ ಶಕ್ತಿ ಈ ಪುಟ್ಟ ವಾದ್ಯಕ್ಕೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರ ಪ್ರಯತ್ನದಿಂದ ಇದು ನೆಲದ ಮೇಲೆ ಕುಳಿತು ಕೈಯಿಂದ ತಿದಿ ಹಾಕುವ ಪೆಟ್ಟಿಗೆಯಾಯಿತು. ಎಡಗೈ ತಿದಿಗೆ ಹೋದ ಮೇಲೆ ನುಡಿಸಲು ಉಳಿದದ್ದು ಬಲಗೈ ಒಂದೇ. ನಾಲ್ಕು ಧ್ವನಿಗಳ ಜೋಡಣೆ ಕೈಬಿಟ್ಟುಹೋಯಿತು, ಧಾಟಿಯೊಂದೇ ನಿಂತಿತು.

ಬಾಸೆಲ್ ಮಿಶನ್ನಿನ ಮೊದಲ ತಂಡ ಮಂಗಳೂರಿಗೆ ಬಂದದ್ದು 1834ರಲ್ಲಿ. ಮಿಶನರಿಗಳು ಜರ್ಮನ್ ಸ್ತುತಿಗೀತೆಗಳನ್ನು ಕನ್ನಡಕ್ಕೆ ತಂದು ಅವೇ ಧಾಟಿಗಳಲ್ಲಿ ಹಾಡಿಸಿದರು. ಕನ್ನಡದ ಹಾಡುಗಬ್ಬದ ದಾರಿ ಅವರಿಗೆ ತಿಳಿಯದ್ದೇನಲ್ಲ. ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚಿಗೆ ತಂದವರು ಹರ್ಮನ್ ಮೋಗ್ಲಿಂಗ್. 1862ರಲ್ಲಿ ಕ್ರಿಸ್ತಚರಿತ್ರೆಯನ್ನು ‘ಕಥಾಮಾಲೆ’ಯೆಂಬ ಕನ್ನಡ ಪದ್ಯಕೃತಿಯಾಗಿಸಿ, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದವರು ಫರ್ಡಿನೆಂಡ್ ಕಿಟೆಲ್. ಇಂಥ ವಿದ್ವತ್ತಿನ ನಡುವೆಯೂ ಸಭೆಯ ಗೀತೆಯ ವಿಷಯದಲ್ಲಿ ಅಕ್ಷರಸಂಖ್ಯೆಯ ಲೆಕ್ಕವೇ ಮೇಲುಗೈ ಪಡೆಯಿತು. ಪಾಶ್ಚಾತ್ಯ ಸ್ತುತಿಗೀತೆಯ ಅಳತೆ ಎಂಟು, ಆರು, ಎಂಟು, ಆರು ಎಂಬಂತೆ ಅಕ್ಷರಗಳದು. ಕನ್ನಡದ ದೇಸಿ ನಡೆ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳದು. ಒಂದು ಲಘುವಿಗೂ ಒಂದು ಗುರುವಿಗೂ ಧಾಟಿಯಲ್ಲಿ ಸಮಾನ ಉದ್ದದ ಸ್ವರ ಸಿಕ್ಕಾಗ ಎರಡರಲ್ಲೊಂದು ಕೆಡಲೇಬೇಕು. ‘ಕೃಪೆ’ ಎಂಬ ಎರಡು ಲಘುಗಳ ಪದ ‘ಕೃಪೇ’ ಆಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ಅನೇಕ ಧಾಟಿಗಳು ತಾಳದ ಪೆಟ್ಟಿಗೆ ಮುನ್ನವೇ ಒಂದು ಹಗುರ ಸ್ವರದಿಂದ ಆರಂಭವಾಗುತ್ತವೆ. ಹೊಸಗನ್ನಡ ಛಂದಸ್ಸಿನಲ್ಲಿ ಪದ್ಮಗಣವೆಂದು ಹೆಸರು ಪಡೆದ ಈ ನಡೆ 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದೊಂದಿಗೆ ಕಾವ್ಯದ ಓದುಗರಿಗೆ ಚಿರಪರಿಚಿತವಾಯಿತು. ಸಭೆಯವರು ಅದಕ್ಕೂ ಹಲವು ದಶಕಗಳ ಮೊದಲೇ ಅದನ್ನು ಹಾಡುತ್ತಿದ್ದರೆಂಬುದು ಕನ್ನಡ ಛಂದಸ್ಸಿನ ಚರಿತ್ರೆಕಾರರು ಗಮನಿಸಬೇಕಾದ ಸಂಗತಿ. ಕನ್ನಡದಲ್ಲಿ ಪದದ ಮೊದಲಕ್ಷರಕ್ಕೆ ತೂಕ ಹೆಚ್ಚು. ‘ಕರುಣೆ’ ಎಂಬ ಪದ ಸಾಲಿನ ಮೊದಲಿಗೆ ಬಂದರೆ ‘ಕ’ ಹಗುರ ಸ್ವರದ ಮೇಲೂ ‘ರು’ ತಾಳದ ಪೆಟ್ಟಿನ ಮೇಲೂ ಬಿದ್ದು, ಕಿವಿಗೆ ‘ಕರೂಣೆ’ ಎಂದು ಕೇಳಿಸುತ್ತದೆ. ಇಲ್ಲಿ ವಾದಕನ ಕೈಯಲ್ಲಿ ಏನಿದೆ? ಮೇಲೆ ವಿವರಿಸಿದ ಮೌನದ ಉಪಾಯವೊಂದಿದೆ. ‘ರು’ವಿನ ಸ್ವರವನ್ನು ತುಸು ಬೇಗನೆ ಬಿಟ್ಟು ‘ಣೆ’ಯನ್ನು ಸ್ಪಷ್ಟವಾಗಿ ಆರಂಭಿಸಿದರೆ ಲಘುವು ಲಘುವಾಗಿಯೇ ಉಳಿಯಲು ಆಸ್ಪದವಾಗುತ್ತದೆ. ಇಡೀ ಸಾಲನ್ನು ಅಂಟಿಸಿ ನುಡಿಸಿದರೆ ಸಭೆ ದೀರ್ಘವನ್ನೇ ಕಲಿಯುತ್ತದೆ, ಮಕ್ಕಳು ತಪ್ಪು ಕನ್ನಡವನ್ನು ಭಕ್ತಿಯಿಂದ ಬಾಯಿಪಾಠ ಮಾಡುತ್ತಾರೆ. ಜರ್ಮನ್ ಅಥವಾ ಇಂಗ್ಲಿಷ್ ಕೈಪಿಡಿಯಲ್ಲಿ ಈ ಸೂಚನೆ ಸಿಕ್ಕುವ ಸಂಭವವೇ ಇಲ್ಲ. ಅಲ್ಲಿ ಅದರ ಅಗತ್ಯವೂ ಇಲ್ಲ.

ಉಸಿರಿನ ವಿಷಯವೂ ಹೀಗೆಯೇ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಮೊದಲ ಸಾಲಿನಲ್ಲಿ ಕರ್ತೃ ಮತ್ತು ವಿಶೇಷಣಗಳು, ಎರಡನೆಯ ಸಾಲಿನ ಅಂತ್ಯದಲ್ಲಿ ಕ್ರಿಯೆ ಎಂಬ ವಿನ್ಯಾಸ ಅನುವಾದಿತ ಗೀತೆಗಳಲ್ಲಿ ಸಾಮಾನ್ಯ. ಧಾಟಿಯ ಸಾಲು ಮುಗಿದಲ್ಲೆಲ್ಲ ಕೈಯೆತ್ತಬೇಕೆಂಬ ಸೂಚನೆಯನ್ನು ಕಣ್ಣುಮುಚ್ಚಿ ಪಾಲಿಸಿದರೆ ಅರ್ಥ ನಡುವೆಯೇ ತುಂಡಾಗುತ್ತದೆ. ಇಂಥ ಕಡೆ ಮೊದಲ ಸಾಲಿನ ಅಂತ್ಯದಲ್ಲಿ ಕೆಳಧ್ವನಿಗಳನ್ನು ಹಿಡಿದಿಟ್ಟುಕೊಂಡು ಧಾಟಿಯನ್ನಷ್ಟೇ ಬಿಡಿಸುವುದು ಯುಕ್ತ. ಸಭೆಗೆ ಉಸಿರೂ ಸಿಗುತ್ತದೆ, ವಾಕ್ಯ ಇನ್ನೂ ಮುಗಿದಿಲ್ಲವೆಂಬ ಸೂಚನೆಯೂ ಸಿಗುತ್ತದೆ. ರಾಗತಾಳಬದ್ಧವಾದ ಕ್ರೈಸ್ತ ಕೀರ್ತನೆಗಳಲ್ಲಿ ಈ ತೊಡಕುಗಳು ತಾವಾಗಿಯೇ ಕಡಿಮೆ. ಆ ಕೀರ್ತನೆಗಳಿಗೂ ನಾಲ್ಕು ಧ್ವನಿಗಳ ಜೋಡಣೆಯನ್ನು ಹೊದಿಸುವ ವಾದಕರ ಉತ್ಸಾಹ ಬೇರೆ ಬಗೆಯ ತೊಡಕನ್ನು ತರುತ್ತದೆ. ರಾಗದ ಗಮಕ ಕದಲಬೇಕಾದಲ್ಲಿ ಸ್ವರಗುಚ್ಛವು ಕಂಬದಂತೆ ನಿಂತುಬಿಡುತ್ತದೆ.

ಚರ್ಚಿನ ಹೊರಗೆ ಇದೇ ವಾದ್ಯವು ಕರ್ನಾಟಕದ ಉದ್ದಗಲಕ್ಕೂ ಭಜನೆಯ ಸಂಗಾತಿಯಾಯಿತು. ಉತ್ತರ ಕರ್ನಾಟಕದ ‘ಪೇಟಿ ಮಾಸ್ತರ’ನು ನಾಟಕ ಕಂಪನಿಯಲ್ಲಿ ಕಾಲಿನಿಂದ ತುಳಿಯುವ ಆರ್ಗನ್ನನ್ನೂ ಮಠದ ಭಜನೆಯಲ್ಲಿ ಕೈಪೆಟ್ಟಿಗೆಯನ್ನೂ ನುಡಿಸಬಲ್ಲವನು. ವಿದ್ವತ್‌ಲೋಕ ಈ ವಾದ್ಯವನ್ನು ಬಹುಕಾಲ ಹೊರಗಿಟ್ಟಿತು. ಆಕಾಶವಾಣಿಯಲ್ಲಿ 1940ರಲ್ಲಿ ಜಾರಿಗೆ ಬಂದ ನಿಷೇಧ 1971ರವರೆಗೂ ಮುಂದುವರಿಯಿತು. ಮೀಂಡ್ ಹೊರಡದು, ಸ್ವರಸ್ಥಾನಗಳು ಶುದ್ಧವಲ್ಲ ಎಂಬ ಆಕ್ಷೇಪಗಳಲ್ಲಿ ಹುರುಳಿದೆ. ಸಮಾನ ಹಂಚಿಕೆಯ ಶ್ರುತಿಯಲ್ಲಿ ಅಂತರ ಗಾಂಧಾರವು ಷಡ್ಜದಿಂದ 400 ಸೆಂಟ್ ದೂರದಲ್ಲಿದ್ದರೆ ತಂಬೂರಿಯಲ್ಲಿ ಸಹಜವಾಗಿ ಕೇಳುವ ಗಾಂಧಾರ ಸುಮಾರು 386 ಸೆಂಟ್ ದೂರದಲ್ಲಿದೆ. ಆದರೆ ಈ ಆಕ್ಷೇಪಗಳೆಲ್ಲ ಕಚೇರಿಯ ಮಾನದಂಡದವು. ಐವತ್ತು ಮಂದಿ ಒಟ್ಟಾಗಿ ಸೊಲ್ಲನ್ನು ಎತ್ತಿಕೊಳ್ಳುವ ಭಜನೆಯಲ್ಲಿ ಹದಿನಾಲ್ಕು ಸೆಂಟಿನ ವ್ಯತ್ಯಾಸ ಯಾರನ್ನೂ ಹಾದಿ ತಪ್ಪಿಸದು. ಪೆಟ್ಟಿಗೆ ಇಲ್ಲಿ ಮಾಡುವ ಕೆಲಸವೇ ಬೇರೆ.

ತತ್ವಪದದ ಮೇಳದಲ್ಲಿ ಏಕತಾರಿ, ತಾಳ, ದಮ್ಮಡಿಗಳ ಜೊತೆಗೆ ಪೇಟಿ ಇರುವಾಗ ಅನುಭವಿ ವಾದಕನ ನಡೆಯನ್ನು ಗಮನಿಸಿದರೆ, ಅದು ಯುರೋಪಿನ ಗ್ರಂಥಗಳ ಉತ್ತಮ ಸೂಚನೆಗಳಿಗೆ ಅಚ್ಚರಿಯೆನಿಸುವಷ್ಟು ಹತ್ತಿರವಾಗಿರುವುದು ತಿಳಿಯುತ್ತದೆ. ಮುಂದೆ ಹಾಡುವವನು ನುಡಿಯನ್ನು ಹೇಳುವಾಗ ಪೇಟಿ ತಗ್ಗುತ್ತದೆ. ಹಿಂದೆ ಹಾಡುವವರು ಸೊಲ್ಲನ್ನು ಎತ್ತಿಕೊಳ್ಳುವ ಮುನ್ನ ಒಂದೆರಡು ಸ್ವರಗಳು ತುಂಬಿ ಬಂದು ಅವರಿಗೆ ದಾರಿ ತೋರುತ್ತವೆ. ಸೊಲ್ಲು ಗಟ್ಟಿಗೊಂಡ ಮೇಲೆ ಪೇಟಿ ಮತ್ತೆ ಒಳಸರಿಯುತ್ತದೆ. ತಿದಿಯ ಎಡಗೈಯೇ ಇಲ್ಲಿ ಏರಿಳಿತದ ಸಾಧನ. ಕಾಲಹಾರ್ಮೋನಿಯಂನ ಒತ್ತಡದ ಸ್ಟಾಪು ಮಾಡುವುದನ್ನು ಅದು ಯಾವ ಸ್ಟಾಪೂ ಇಲ್ಲದೆ ಮಾಡುತ್ತದೆ. ಸಾಮಾನ್ಯವಾಗಿ ಷಡ್ಜ ಪಂಚಮಗಳನ್ನು ಆಧಾರವಾಗಿ ಹಿಡಿದು, ಗಾಂಧಾರವನ್ನು ಹಾಡುವವರಿಗೆ ಬಿಟ್ಟುಕೊಡುವುದು ಜಾಣ ಪೇಟಿ ಮಾಸ್ತರನ ಲಕ್ಷಣ. ಇದನ್ನು ಯಾರೂ ಬರೆದು ಕಲಿಸಿದ್ದಲ್ಲ, ಹಿರಿಯರ ಪಕ್ಕದಲ್ಲಿ ಕುಳಿತು ಬಂದದ್ದು. ಬರೆದ ಸೂಚನೆಗಳು ಸಭೆಯನ್ನು ಹೊರಗಿನ ಸಮಸ್ಯೆಯಾಗಿ ಕಂಡಲ್ಲಿ, ಈ ಬರೆಯದ ಸೂಚನೆಗಳು ಮೇಳದ ಒಳಗಿನಿಂದಲೇ ಹುಟ್ಟಿವೆ. ವ್ಯತ್ಯಾಸ ಇರುವುದು ಅಲ್ಲಿ.

ಶ್ರುತಿಯ ಆಯ್ಕೆಯಲ್ಲಿ ಈ ವ್ಯತ್ಯಾಸದ ಪರಿಣಾಮ ಎದ್ದು ಕಾಣುತ್ತದೆ. ಗಂಡಸರೂ ಹೆಂಗಸರೂ ಮಕ್ಕಳೂ ಒಟ್ಟಾಗಿ, ಒಂದು ಸಪ್ತಕದ ಅಂತರದಲ್ಲಿ ಹಾಡುವ ಸಭೆಗೆ ಹೆಂಗಸರ ಕಂಠದಲ್ಲಿ ಬಿಳಿ ಒಂದರಿಂದ ಮೇಲಿನ ಬಿಳಿ ಎರಡರವರೆಗಿನ ವ್ಯಾಪ್ತಿ ಸುಲಭ. ಹತ್ತೊಂಬತ್ತನೆಯ ಶತಮಾನದ ಅನೇಕ ಗೀತಪುಸ್ತಕಗಳು ತರಬೇತಾದ ಗಾಯನವೃಂದದ ಮೇಲುಧ್ವನಿಗೆ ಹೊಂದುವಂತೆ ಇದಕ್ಕಿಂತ ಎತ್ತರದಲ್ಲಿವೆ. ಪುಸ್ತಕದಲ್ಲಿರುವಂತೆಯೇ ನುಡಿಸುವ ವಾದಕನ ಮುಂದೆ ವಯಸ್ಸಾದವರು ಮೊದಲು ಬಾಯಿ ಮುಚ್ಚುತ್ತಾರೆ, ತರುವಾಯ ಗಂಡಸರು. ಭಜನೆಯ ಪೇಟಿ ಮಾಸ್ತರನಾದರೋ ಅಂದು ಮುಂದೆ ಹಾಡುವವರು ಯಾರೆಂದು ನೋಡಿ, ಕರಿ ಒಂದೋ ಬಿಳಿ ನಾಲ್ಕೋ ಎಂದು ಕೇಳಿ, ಆಮೇಲೆ ತಿದಿಗೆ ಕೈಹಾಕುತ್ತಾನೆ. ಈಚಿನ ವಿದ್ಯುತ್ ಕೀಬೋರ್ಡುಗಳಲ್ಲಿ ಶ್ರುತಿಯನ್ನು ಒಂದು ಗುಂಡಿ ಒತ್ತಿ ಏರಿಸಬಹುದು, ಇಳಿಸಬಹುದು. ಬೆರಳ ವಿನ್ಯಾಸವನ್ನು ಬದಲಿಸಬೇಕಾಗಿಲ್ಲ. ವಾದನಕೌಶಲದ ಅರ್ಧ ಕಷ್ಟವನ್ನು ನೀಗಿಸಿದ ಸೌಲಭ್ಯವಿದು. ಅದೇ ಪೆಟ್ಟಿಗೆಯೊಳಗೆ ಸಿದ್ಧತಾಳಗಳೂ ಇವೆ. ಸಿದ್ಧತಾಳ ಯಾರಿಗಾಗಿಯೂ ಉಸಿರೆಳೆಯುವುದಿಲ್ಲ, ಕೊನೆಯ ನುಡಿಯಲ್ಲಿ ಮೇಳ ತಾನಾಗಿ ಏರಿಸುವ ವೇಗಕ್ಕೂ ಓಗೊಡುವುದಿಲ್ಲ. ಚರ್ಚುಗಳಲ್ಲಿಯೂ ಭಜನಾಮಂದಿರಗಳಲ್ಲಿಯೂ ಇಂದು ಈ ಎರಡು ಗುಂಡಿಗಳು ಅಕ್ಕಪಕ್ಕದಲ್ಲಿಯೇ ಇವೆ. ಶ್ರುತಿಯ ಗುಂಡಿಯನ್ನು ಒತ್ತುವ ಮೊದಲು ಸಭೆಯತ್ತ ನೋಡುವ ವಾದಕರು ತಾಳದ ಗುಂಡಿಯನ್ನು ಮುಟ್ಟದೆ ಬಿಡುವುದನ್ನು ಎರಡೂ ಕಡೆ ಕಾಣಬಹುದಾಗಿದೆ.